ಪಟ್ಟೆ ಗಿಡ್ಡಿ

ಎರಡನೇ ಮಹಡಿಯ ಆ ಮನೆಯ ಮುಂದಿನ ಕೋಣೆಯೇ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ, ಶಾಂಪೂ ಬಾಟಲಿಗಳ ಶೆಲ್ಫು. ನಡೆಸುವವಳನ್ನು ಕಟ್ಟಡದವರೆಲ್ಲ ಪಾರ್ಲರಮ್ಮ ಎನ್ನುತ್ತಿದ್ದರು. ಆಕೆಗೆ ಹುಬ್ಬು ಹೊಟ್ಟೆಪಾಡು, ಟೊಮೆಟೊ ಹುಚ್ಚು.

ಕೋಣೆಯಾಚೆ ಮೂರಡಿ ಅಗಲದ ಬಾಲ್ಕನಿ. ಅದರಲ್ಲಿ ಅರ್ಧ ಜಾಗ ಅತ್ತೆಯ ಕುರ್ಚಿಗೆ. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಅತ್ತೆಗೆ ಕೆಳಗಿನ ಬೀದಿಯೇ ಪೇಪರು, ಬೀದಿಯೇ ಟೀವಿ. "ಏನಾದ್ರೂ ಬೆಳ್ಕೋ, ನನ್ನ ಕಣ್ಣಿಗೆ ಅಡ್ಡ ಬರಬಾರದು" ಎಂದು ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ಸೊಸೆ ಗಿಡ್ಡ ಜಾತಿಯ ಟೊಮೆಟೊ ಹುಡುಕಿ ತಂದಳು. ಮೊಳಕಾಲೆತ್ತರದ ಗಿಡ, ಹೆಬ್ಬೆರಳು ಗಾತ್ರದ ಕಾಂಡ, ಸುಕ್ಕುಸುಕ್ಕಾದ ಕಡುಹಸಿರು ಎಲೆ. ಆಸರೆಗೆ ಕೋಲೂ ಬೇಡ, ಪೈಲ್ವಾನನ ಹಾಗೆ ತಾನೇ ನಿಲ್ಲುತ್ತಿತ್ತು. ಅದಕ್ಕೆ ಗಿಡ್ಡಿ ಎಂದು ಹೆಸರಾಯಿತು. ಹಣ್ಣು ಮಾತ್ರ ಬಾಯಿಗಿಟ್ಟರೆ ಒದ್ದೆ ರಟ್ಟು.

ಅಷ್ಟರಲ್ಲಿ ಗಿರಾಕಿಯೊಬ್ಬಳು ತನ್ನ ಹಿತ್ತಲಿನ ಟೊಮೆಟೊ ತಂದುಕೊಟ್ಟಳು. ಕೆಂಪು ಮೈಮೇಲೆ ಬಂಗಾರದ ಪಟ್ಟೆ, ಮರೆತೇನೆಂದರೂ ಮರೆಯದ ರುಚಿ. ಆದರೆ ಗಿಡ ಆಳೆತ್ತರ. ಈ ಹಣ್ಣು ಗಿಡ್ಡಿಯ ಮೈಕಟ್ಟಿನಲ್ಲಿ ಬಂದರೆ ಎಂಬ ಆಸೆ ಪಾರ್ಲರಮ್ಮನ ತಲೆಗೆ ಹೊಕ್ಕಿತು. "ಅಕ್ಕಾ, ಅದರ ಎರಡು ಹೂ ತಂದ್ಕೊಡಿ" ಎಂದು ದುಂಬಾಲು ಬಿದ್ದಳು.

ಹೂ ಬಂದ ದಿನ ಕುರ್ಚಿಯಲ್ಲಿ ಬೇರೊಬ್ಬಾಕೆ ಹುಬ್ಬು ತಿದ್ದಿಸಿಕೊಳ್ಳುತ್ತಿದ್ದಳು. ಒಂದು ಮುಗಿದಿತ್ತು. ಗಿಡ್ಡಿಯ ಮೊಗ್ಗೊಂದು ನಾಳೆ ಅರಳುವಂತಿತ್ತು. ಇವತ್ತು ಬಿಟ್ಟರೆ ಕೆಟ್ಟಿತು. "ಎರಡೇ ನಿಮಿಷ" ಎಂದವಳೇ ಹುಬ್ಬಿನ ಚಿಮಟ ಹಿಡಿದು ಬಾಲ್ಕನಿಗೆ ಓಡಿದಳು. ಹೂವು ತನ್ನ ಪರಾಗವನ್ನು ತಾನೇ ಬಳಸಿಕೊಳ್ಳದಂತೆ ಮೊಗ್ಗು ಬಿಡಿಸಿ ಒಳಗಿನ ಹಳದಿ ಕೇಸರಗಳನ್ನೆಲ್ಲ ಕಿತ್ತಳು. ಪಟ್ಟೆ ಜಾತಿಯ ಹೂವನ್ನು ತಟ್ಟೆಯ ಮೇಲೆ ತಟ್ಟಿ, ಉದುರಿದ ಪುಡಿಯನ್ನು ಕಣ್ಣಿಗೆ ಬಣ್ಣ ಹಚ್ಚುವ ಬ್ರಷ್ಷಿನಿಂದ ಮೊಗ್ಗಿಗೆ ಸವರಿದಳು.

"ಹೂವಿಗೂ ಮೇಕಪ್ಪು ಶುರುವಾಯ್ತಾ?" ಅತ್ತೆ ಮೂಗು ಮುರಿದರು.

"ಮದುವೆ ಮಾಡಿಸ್ತಿದೀನಿ ಅತ್ತೆ."

"ಗಂಡೆಲ್ಲಿ?"

"ಈ ತಟ್ಟೇಲಿ."

ಒಳಗಿನಿಂದ ಕೂಗು ಬಂತು: "ಏನ್ರೀ, ನನ್ನ ಇನ್ನೊಂದು ಹುಬ್ಬು!" ಗುರುತಿಗೆಂದು ಆ ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಿ ಪಾರ್ಲರಮ್ಮ ಒಳಗೆ ಓಡುವಾಗ ಇಪ್ಪತ್ತು ನಿಮಿಷ ಕಳೆದಿತ್ತು.

ಹೂ ಕಾಯಾಯಿತು, ಕಾಯಿ ಕೆಂಪಾಯಿತು. ಸೊಸೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ನಾಳೆ ಕೀಳಬೇಕು ಎಂದುಕೊಂಡ ಮಧ್ಯಾಹ್ನ ಬಂದು ನೋಡಿದರೆ ತೊಟ್ಟಿನಲ್ಲಿ ದಾರವಿದೆ, ಹಣ್ಣಿಲ್ಲ. ಅತ್ತೆಯ ತೊಡೆಯ ಮೇಲಿನ ತಟ್ಟೆಯಲ್ಲಿ ಅರ್ಧ ಹಣ್ಣು, ಪಕ್ಕದಲ್ಲಿ ಉಪ್ಪು.

"ಅತ್ತೇ! ತಿಂದ್ಬಿಟ್ರಾ?"

"ದಾರ ಕಟ್ಟಿದ್ದೆಯಲ್ಲ, ನನಗೆ ಅಂತ ಎತ್ತಿಟ್ಟಿದ್ದೀಯ ಅಂದ್ಕೊಂಡೆ" ಎಂದರು ಅತ್ತೆ, ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ.

ಬೈಯಲು ಬಾಯಿ ತೆರೆದ ಸೊಸೆ ಆ ಮಾತು ಕೇಳಿ ಬೀಜ ಹುಡುಕಲು ಬಗ್ಗಿದಳು. ಉಳಿದರ್ಧದಲ್ಲಿ, ತಟ್ಟೆಯಲ್ಲಿ, ಅತ್ತೆಯ ಗಲ್ಲದ ಮೇಲೆ, ಎಲ್ಲ ಹುಡುಕಿ ಹನ್ನೊಂದು ಬೀಜ ಸಿಕ್ಕವು. ತಪ್ಪಿತಸ್ಥರಾದ ಅತ್ತೆ ಅವನ್ನು ತಾವೇ ತೊಳೆದು ಒಣಗಿಸಿ, ತಮ್ಮ ಮಾತ್ರೆಡಬ್ಬಿಯಲ್ಲಿಟ್ಟು ಕಾದರು.

ಬಿತ್ತಿ, ಹುಟ್ಟಿದ ಸಸಿಗಳಲ್ಲಿ ಚೆನ್ನಾಗಿದ್ದ ಒಂದನ್ನು ಉಳಿಸಿಕೊಂಡರು. ಅದು ಬೆಳೆಯಿತು, ಬೆಳೆಯುತ್ತಲೇ ಹೋಯಿತು.

"ಗಿಡ್ಡಿ ಹೊಟ್ಟೇಲಿ ಒಂಟೆ ಹುಟ್ಟಿದೆಯಲ್ಲೇ! ಬೀದಿ ಕಾಣ್ತಿಲ್ಲ ನನಗೆ!"

"ಎತ್ತರ ಬಂದ್ರೇನೇ ಮದುವೆ ನಿಜ ಅಂತ ಅರ್ಥ ಅತ್ತೆ. ಗಿಡ್ಡತನ ಒಂದು ತಲೆಮಾರು ಬಚ್ಚಿಟ್ಟುಕೊಳ್ಳುತ್ತೆ. ಮೊಮ್ಮಕ್ಕಳಲ್ಲಿ ಬರುತ್ತೆ."

ಒಂಟೆ ಮೇಲಿನ ಮಹಡಿಯ ಬಟ್ಟೆ ತಂತಿಗೆ ಹಬ್ಬಿತು. ಅಲ್ಲಿದ್ದವರು ನಿವೃತ್ತ ಲೆಕ್ಕದ ಮೇಷ್ಟ್ರು. ಒಂದು ದಿನ ಪಟ್ಟೆಯಿಲ್ಲದ ಸಾದಾ ಕೆಂಪು ಹಣ್ಣೊಂದನ್ನು ಹಿಡಿದು ಕೆಳಗಿಳಿದು ಬಂದರು.

"ಇದು ನಿಮ್ಮದೋ ನಮ್ಮದೋ?"

"ಬೇರು ನಮ್ಮದು ಮೇಷ್ಟ್ರೇ."

"ಗೊಂಚಲು ನನ್ನ ಬನಿಯನ್ ಪಕ್ಕ ತೂಗಾಡ್ತಿದೆಯಲ್ಲಮ್ಮ."

ಹಣ್ಣು ಮೇಷ್ಟ್ರಿಗೆ, ಬೀಜ ಪಾರ್ಲರಮ್ಮನಿಗೆ ಎಂದು ರಾಜಿಯಾಯಿತು. ಬೀಜ ಯಾಕೆಂದು ಕೇಳಿ ತಿಳಿದ ಮೇಷ್ಟ್ರ ಮುಖ ಅರಳಿತು. "ಅಯ್ಯೋ, ಇದು ಲೆಕ್ಕ! ನಾಲ್ಕರಲ್ಲಿ ಒಂದು ಗಿಡ್ಡ. ಗಿಡ್ಡದಲ್ಲಿ ನಾಲ್ಕಕ್ಕೊಂದು ಪಟ್ಟೆ. ಹದಿನಾರಕ್ಕೆ ಒಂದು!"

ಹದಿನಾರು ಲೋಟದಲ್ಲಿ ಬಿತ್ತಿದರು. ಐದು ಗಿಡ್ಡ ಬಂದವು, ಪಟ್ಟೆ ಒಂದಕ್ಕೂ ಇಲ್ಲ.

"ನಿಮ್ಮ ಲೆಕ್ಕ ತಪ್ಪಿತು ಮೇಷ್ಟ್ರೇ" ಎಂದರು ಅತ್ತೆ.

"ಲೆಕ್ಕ ತಪ್ಪಿಲ್ಲ. ಟೊಮೆಟೊ ತಪ್ಪಿದೆ."

ಎರಡನೇ ಸಲ ಅರವತ್ತನಾಲ್ಕು ಲೋಟ. ಕಿಟಕಿ, ಮೆಟ್ಟಿಲು, ಶಾಂಪೂ ಶೆಲ್ಫು, ಎಲ್ಲೆಲ್ಲೂ ಸಸಿ. ಗಿಡ್ಡಿಯ ಹಾಗೆ ಸುಕ್ಕೆಲೆಯಿದ್ದ ಹದಿನಾಲ್ಕನ್ನು ಇಟ್ಟುಕೊಂಡು, ಉದ್ದಕ್ಕೆ ಎದ್ದವನ್ನೆಲ್ಲ ಪಾರ್ಲರಮ್ಮ ಹುಬ್ಬು ತಿದ್ದಿಸಿಕೊಂಡವರಿಗೆ ಪುಕ್ಕಟೆ ಕೊಟ್ಟಳು. ಬೇಡವೆಂದವರ ಚೀಲಕ್ಕೆ ಅತ್ತೆ ಸದ್ದಿಲ್ಲದೆ ಇಳಿಸಿದರು.

ಕೊನೆಗೊಂದು ಬೆಳಿಗ್ಗೆ ಅತ್ತೆ ಬಾಲ್ಕನಿಯಿಂದ ಕೂಗಿದ್ದಕ್ಕೆ ಮೇಷ್ಟ್ರು ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಇಳಿದು ಬಂದರು. ಮೊಳಕಾಲೆತ್ತರದ ಗಿಡ, ಅದರಲ್ಲೊಂದು ಹಣ್ಣು, ಮೈತುಂಬ ಬಂಗಾರದ ಪಟ್ಟೆ. ಬೀಜ ತೆಗೆದಿಟ್ಟ ಮೇಲೆ ಮೇಷ್ಟ್ರು ಹಲ್ಲುಜ್ಜುವ ಬ್ರಷ್ಷನ್ನು ಕೈಗೆ ತೆಗೆದುಕೊಂಡರು, ಮೂವರೂ ಒಂದೊಂದು ಹೋಳು ಬಾಯಿಗಿಟ್ಟರು.

"ರಟ್ಟಲ್ಲ" ಎಂದಳು ಪಾರ್ಲರಮ್ಮ ಮೆಲ್ಲಗೆ.

"ರಟ್ಟಲ್ಲ. ಆದ್ರೆ ಆ ಅಕ್ಕ ತಂದ ಹಣ್ಣೂ ಅಲ್ಲ" ಎಂದರು ಅತ್ತೆ. "ಹುಳಿ ಇದೆ, ಸಿಹಿ ಸಾಲದು."

"ಎತ್ತರ, ಪಟ್ಟೆ ಇನ್ನು ಬದಲಾಗಲ್ಲ" ಎಂದು ಮೇಷ್ಟ್ರು ಬೆರಳು ಮಡಚಿದರು. "ರುಚಿಯಾದದ್ದನ್ನೇ ಆರಿಸ್ತಾ ಆರಿಸ್ತಾ ಆ ರುಚಿ ಸ್ಥಿರ ಮಾಡೋಕೆ ಇನ್ನೂ ಆರು ಬೆಳೆ. ವರ್ಷಕ್ಕೆ ಎರಡು ಅಂದ್ರೂ ಮೂರು ವರ್ಷ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಗೆ ಎಂಬತ್ತೊಂದು. ಅತ್ತೆ ಇಬ್ಬರನ್ನೂ ನೋಡಿದರು.

"ಮೂರು ವರ್ಷ ಅಂದ್ಮೇಲೆ ಹೀಗೆ ಬಾಯಿ ಬಿಟ್ಕೊಂಡು ನಿಂತ್ರೆ ಆಗುತ್ತಾ? ಮೇಷ್ಟ್ರೇ, ಹೋಗಿ ಮೊದಲು ಬಾಯಿ ತೊಳ್ಕೊಂಡು ಬನ್ನಿ. ನೀನು ಮಣ್ಣು ತಗೊಂಡ್ಬಾರೇ" ಎಂದವರೇ ಗೋಡೆ ಹಿಡಿದು ಎದ್ದು, ಲೋಟ ಎಣಿಸತೊಡಗಿದರು.