ಮೂರನೇ ಮಹಡಿಯ ಮಹಮೂದ್

"ವನೀಸ್ ಅಂತ ಹೇಳ್ಕೊಂಡು ಯಾವ ಬಾಗಿಲು ತಟ್ತೀಯೋ? ಆ ಹೆಸರು ಕೇಳಿದ್ರೆ ಕಸದ ಜೊತೆ ನಿನ್ನನ್ನೂ ಮೆಟ್ಟಿಲಿಂದ ಉರುಳಿಸ್ತಾರೆ."

ಕ್ರೈಸ್ತ ಸಂಘದ ಬೋಧಕ ರಫೀಕ್ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡುತ್ತಿದ್ದ. ನಾನೂ ನನ್ನ ಗಂಡ ವನೀಸನೂ ನೆಲದ ಮೇಲೆ ಕೂತು ಕಸ ಬೇರೆ ಮಾಡುತ್ತಿದ್ದೆವು. ಗಾಜು ಒಂದು ಕಡೆ, ಹಂದಿಗಳಿಗೆ ರೊಟ್ಟಿ ಚೂರು ಇನ್ನೊಂದು ಕಡೆ.

ಕೈರೋದಲ್ಲಿ ದಿನಾ ಬೆಳಗ್ಗೆ ಪ್ರತಿ ಮನೆಯ ಬಾಗಿಲು ತೆರೆಯುವುದು ಕಸದವನಿಗೆ. ಆ ಬಾಗಿಲಲ್ಲೇ ಯೇಸುವಿನ ಮಾತು ಒಳಗೆ ಹೋಗಬೇಕು ಎಂಬುದು ರಫೀಕನ ಲೆಕ್ಕ. ಮುಸಲ್ಮಾನರ ಹೊಸ ಬೀದಿಯಲ್ಲಿ ಕ್ರೈಸ್ತ ಹೆಸರಿನ ವನೀಸ್ ಇನ್ನು ಮಹಮೂದ್. ಹಾಲುಗೂಸಾಗಿದ್ದಾಗ ಅವನ ಅವ್ವ ಮಣಿಕಟ್ಟಿನ ಮೇಲೆ ಚುಚ್ಚಿಸಿದ್ದ ಶಿಲುಬೆ ಹಚ್ಚೆ ಕಾಣದಂತೆ, ಎಂಥ ಬಿಸಿಲಲ್ಲೂ ತುಂಬುತೋಳಿನ ಅಂಗಿ. ನಮ್ಮ ಮಗಳು ಮರೀಜ್ ಓದುತ್ತಿದ್ದುದು ರಫೀಕನ ಸಂಘದ ಶಾಲೆಯಲ್ಲೇ. ವನೀಸ್ ಹೂಂ ಎಂದು ತಲೆಯಾಡಿಸಿದ.

ರಫೀಕ್ ಹೋದ ಮೇಲೆ ನಾನು ಕೇಳಿದೆ: "ಆ ಸೂಳೆಮಗನ ಹೆಸರು ನಮ್ಮಲ್ಲೂ ಮುಸಲ್ಮಾನರಲ್ಲೂ ಸಲ್ತದೆ. ನಿಂದೇ ಯಾಕ್ಲಾ ಕಿತ್ಕಬೇಕು?"

"ಮಗಾ ಓದ್ಲಿ ಬುಡು," ಎಂದ.

ಆ ಬೀದಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಫತ್ಹೀ ಮೇಷ್ಟ್ರಿದ್ದರು. ಕಣ್ಣಿಲ್ಲ, ಹೆಂಡತಿ ಸತ್ತಿದ್ದಳು. ಕಸ ಕೊಟ್ಟು ಬಾಗಿಲು ಹಾಕಿಕೊಳ್ಳುವ ಬದಲು ಚಹಾ ಕೊಟ್ಟು ಕೂರಿಸಿದರು. ಕಸದವನಿಗೆ ತಮ್ಮ ಲೋಟದಲ್ಲೇ ಚಹಾ ಕೊಟ್ಟ ಮೊದಲ ಮನುಷ್ಯ ಅವರು. ವನೀಸ್ ದಿನವೂ ಅವರಿಗೆ ಪತ್ರಿಕೆ ಓದಿ ಹೇಳಿದ, ಔಷಧಿ ತಂದುಕೊಟ್ಟ. ಯೇಸುವಿನ ಕತೆಯನ್ನೂ ಹೇಳಿದ. ಮೇಷ್ಟ್ರು ಸಿಟ್ಟಾಗಲಿಲ್ಲ. ವಾದ ಮಾಡಿದರು, ನಕ್ಕರು, ನಾಳೆ ಮುಂದುವರಿಸು ಎಂದರು. ರಫೀಕ್ ತನ್ನ ವರದಿಯಲ್ಲಿ ಮೇಷ್ಟ್ರನ್ನು "ಹಣ್ಣಾಗುತ್ತಿರುವ ಫಲ" ಎಂದು ಬರೆದುಕೊಂಡ.

ಎಂಟು ತಿಂಗಳಾದ ಮೇಲೆ ತೀರಿಕೊಂಡಿದ್ದ ಮೇಷ್ಟ್ರ ಹೆಂಡತಿಯ ವರ್ಷದ ನೆನಪಿನ ದಿನ ಬಂತು. ಮೇಷ್ಟ್ರು ವನೀಸನ ಕೈ ಹಿಡಿದು, ನನಗೆ ಗಂಡುಮಕ್ಕಳಿಲ್ಲ ಮಹಮೂದ್, ಅವಳ ಹೆಸರಲ್ಲಿ ನೀನೇ ಕುರಾನಿನ ಫಾತಿಹಾ ಪ್ರಾರ್ಥನೆ ಓದು, ಮಗ ಓದಿದ ಹಾಗಾಗುತ್ತದೆ ಎಂದರಂತೆ.

ಸತ್ತವಳ ಹೆಸರಲ್ಲಿ ಸುಳ್ಳು ಹೇಳಲು ವನೀಸನಿಗೆ ಬಾಯಿ ಬರಲಿಲ್ಲ.

"ಮೇಷ್ಟ್ರೇ, ನಾನು ಮಹಮೂದ್ ಅಲ್ಲ. ವನೀಸ್ ಅಂತ. ಕ್ರೈಸ್ತ್ರೋನು."

ಮೇಷ್ಟ್ರು ಮೆಲ್ಲಗೆ ಕೈ ಬಿಟ್ಟರು. ಆಮೇಲೆ, "ವನೀಸ್ ಅಂತ ಬಂದಿದ್ರೂ ಬಾಗಿಲು ತೆಗೀತಿದ್ದೆನಲ್ಲಪ್ಪ," ಎಂದರು. "ನೀನು ಹೇಳಿದ ಕತೆ ಎಲ್ಲಾ ಮನಸ್ಸಿಟ್ಟು ಕೇಳ್ದೆ. ಈಗ ಅದನ್ನ ಹೇಳಿದೋರು ಯಾರು ಅಂದ್ಕೊಳ್ಳಲಿ?"

ಮನೆಗೆ ಬಂದು ಇದನ್ನು ಹೇಳುವಾಗ ನನ್ನ ಗಂಡ ಅತ್ತ. ಅವನ ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಸಂಜೆ ವಿಷಯ ತಿಳಿದು ರಫೀಕ್ ಬಂದು, ಹೆಸರೆಂದರೆ ಬಟ್ಟೆ ಇದ್ದ ಹಾಗೆ, ಕಸದ ನಾಯಿಗೆ ಅದೂ ತಿಳಿಯುವುದಿಲ್ಲವೇ ಎಂದು ಬೈದ. ಹಣ್ಣಾಗಿದ್ದ ಫಲವನ್ನು ಮಣ್ಣುಪಾಲು ಮಾಡಿದೆ ಎಂದ. ಮರೀಜ್ ನಾಳೆಯಿಂದ ಶಾಲೆಗೆ ಬರುವುದು ಬೇಡ ಎಂದು ಹೇಳಿ ಹೋದ.

ಬೆಳಗ್ಗೆ ವನೀಸ್ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ. ನಾನೂ ಬುಟ್ಟಿ ಹೊತ್ತು ಜೊತೆಗೆ ಹೋದೆ. ಒಂದೊಂದು ಬಾಗಿಲನ್ನೂ ತಟ್ಟಿ, "ಕಸದ ವನೀಸ್ ಬಂದಿದೀನಿ," ಎಂದ. ಮೊದಲ ಮಹಡಿಯವನು ಮಣಿಕಟ್ಟು ನೋಡಿ, ಇಷ್ಟು ದಿನ ಮೋಸ ಮಾಡಿದೆಯಲ್ಲ ಎಂದು ಮುಖಕ್ಕೆ ಉಗಿದ. ಕಾವಲುಗಾರ ಮೆಟ್ಟಿಲ ಬುಡದಿಂದಲೇ, ನಾಳೆ ಈ ಕಡೆ ತಲೆ ಹಾಕಿದರೆ ಕಾಲು ಮುರಿಯುತ್ತೇನೆ ಎಂದ. ವನೀಸ್ ಮುಖ ಒರೆಸಿಕೊಂಡು ಮೇಲೆ ಹತ್ತಿದ.

ಮೂರನೇ ಮಹಡಿಯಲ್ಲಿ ಮೆಲ್ಲಗೆ ಬಾಗಿಲು ತಟ್ಟಿದ. "ಮೇಷ್ಟ್ರೇ, ವನೀಸ್ ಬಂದಿದೀನಿ."

ಒಳಗಿನಿಂದ ಕೋಲಿನ ಸದ್ದು ಬಾಗಿಲವರೆಗೂ ಬಂದು ನಿಂತಿತು. ಬಾಗಿಲಿಗೆ ಅಂಗೈ ಒರಗಿಸಿದ ಸದ್ದೂ ನನಗೆ ಕೇಳಿಸಿತು.

ಚಿಲಕ ಸರಿಯಲಿಲ್ಲ.