ಬಕೆಟ್ಟಿನಲ್ಲಿ ಎರಡು ಲೇಬಲ್

ಅಂಟುಹಾಳೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರಿಗೆ ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ಕುರ್ಚಿ ಕೂಡ ಸಿಗುವುದಿಲ್ಲ. ಅಂಥ ನಾನೇ ಅಕ್ಕನ ಹಣ್ಣಿನ ರಸದ ಬಾಟಲಿಗಳಿಗೆ ಕಾಗದದ ಲೇಬಲ್ ಮಾಡಿಕೊಟ್ಟಿದ್ದೆ. ಫ್ರಿಜ್ಜಿನಲ್ಲಿ ಅವು ಒದ್ದೆಯಾಗಿ ಕಳಚಿಬಿದ್ದವು. ಎರಡು ಅಂಗಡಿಯವರು ಬಾಟಲಿಗಳನ್ನು ವಾಪಸ್ ಕಳಿಸಿದರು. ಉಳಿದಿದ್ದು ಒಂದೇ ಅಂಗಡಿ. ಅದರ ಯಜಮಾನರು ಅವತ್ತು ಸಂಜೆ ನಾಲ್ಕು ಗಂಟೆಗೆ ಬರಹೇಳಿದ್ದರು.

"ಇವ್ರೂ ಬೇಡ ಅಂದ್ರೆ ಈ ವ್ಯಾಪಾರಾನೇ ನಿಲ್ಲಿಸಿಬಿಡ್ತೀನಿ ಕಣೇ," ಎಂದಳು ಅಕ್ಕ.

ಎರಡು ಬಗೆಯ ಪ್ಲಾಸ್ಟಿಕ್ ಅಂಟುಹಾಳೆ ತರಿಸಿದ್ದೆ. ಹಾಳೆ ಮಾರಿದ ಇಬ್ಬರು ವ್ಯಾಪಾರಿಗಳೂ ತಮ್ಮದು ಐಸಿನಲ್ಲೂ ಜಪ್ಪಯ್ಯ ಅಂದರೂ ಕಳಚುವುದಿಲ್ಲ ಎಂದು ಆಣೆ ಹಾಕಿದ್ದರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಎರಡರಲ್ಲೂ ಒಂದೊಂದು ಕಟ್ಟು ಲೇಬಲ್ ಅಚ್ಚು ಹಾಕಿ, ಪ್ರತಿ ಕಟ್ಟಿನಿಂದ ಒಂದರ ಮೂಲೆಯಲ್ಲಿ ಪೆನ್ನಿಂದ ಒಂದು, ಎರಡು ಎಂದು ಬರೆದು, ಬಾಟಲಿಗಳಿಗೆ ಅಂಟಿಸಿ ಐಸ್ ನೀರಿನ ಬಕೆಟ್ಟಿಗೆ ಇಳಿಸಿದೆ. ಒಂದು ಗಂಟೆಯಲ್ಲಿ ಒಂದು ಲೇಬಲ್ ತೇಲಿತು, ಇನ್ನೊಂದು ಗಟ್ಟಿಯಾಗಿ ನಿಂತಿತು.

"ಉಳಿದಿದ್ದು ಯಾವ್ದು ಕಣೇ?" ಎಂದಳು ಅಕ್ಕ.

ನೋಡಿದರೆ ಅಂಕೆಗಳೆರಡೂ ನೀರುಪಾಲು! ಹಾಳೆಗಳೋ, ಎರಡೂ ಒಂದೇ ಬಿಳುಪು. ಹನ್ನೆರಡು ವರ್ಷದ ಅನುಭವಕ್ಕೆ ಬೆಂಕಿ ಬೀಳಲಿ ಎಂದು ನನ್ನನ್ನೇ ಬೈದುಕೊಂಡೆ. ಆಗಲೇ ಮೂರು ಗಂಟೆ.

ಅಕ್ಕ ಹೊಸದಾಗಿ ಎರಡು ಬಾಟಲಿಗೆ ಲೇಬಲ್ ಅಂಟಿಸಿ, ಮೊದಲ ಕಟ್ಟಿನದರ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಬಕೆಟ್ಟಿನಲ್ಲಿಟ್ಟಳು. "ನಡಿ, ದಾರೀಲೇ ನೋಡೋಣ."

ಬಸ್ಸಿನಲ್ಲಿ ಬಕೆಟ್ ನನ್ನ ತೊಡೆಯ ಮೇಲೆ, ಒಣ ಬಾಟಲಿಗಳೂ ಲೇಬಲ್ ಕಟ್ಟುಗಳೂ ಅಕ್ಕನ ಚೀಲದಲ್ಲಿ. "ಒಳಗೆ ಮೀನು ಇದ್ಯಾ?" ಎಂದು ಪಕ್ಕದವರು ಇಣುಕಿದರು. ನಾನು ದುರುಗುಟ್ಟಿದೆ. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಯಜಮಾನರು ಬೇಡ ಎನ್ನುವ ಮುಖ ಹೊತ್ತೇ ಕೂತಿದ್ದರು. ಬಕೆಟ್ ಕಂಡು ಎದ್ದು ಬಂದರು. ವಿಷಯ ಹೇಳಿದೆವು. ಅಷ್ಟರಲ್ಲಿ ಕೆಲಸದವರು, ಗಿರಾಕಿಗಳು ಎಲ್ಲ ಸುತ್ತ ನೆರೆದರು. ರಬ್ಬರ್ ಬ್ಯಾಂಡಿನ ಬಾಟಲಿಯ ಲೇಬಲ್ ಮೆಲ್ಲಗೆ ಜಾರಿತು. ಇನ್ನೊಂದನ್ನು ಯಜಮಾನರು ಉಗುರಿನಿಂದ ಕೆರೆದರು, ಉಜ್ಜಿದರು, ಅದು ಅಲ್ಲಾಡಲಿಲ್ಲ. ನಾನು ಅಲ್ಲೇ ಎರಡನೆಯ ಕಟ್ಟಿನ ಲೇಬಲ್‌ಗಳನ್ನು ಒಣ ಬಾಟಲಿಗಳಿಗೆ ಅಂಟಿಸತೊಡಗಿದೆ.

"ಭಲೇ! ಈ ಬಕೆಟ್ ಇಲ್ಲೇ ಇರಲಮ್ಮ, ಜನ ನೋಡ್ಲಿ," ಎಂದರು ಯಜಮಾನರು.

ಅಪರಿಚಿತರ ಮುಂದೆ ಎಂದೂ ದನಿ ಎತ್ತದ ನನ್ನಕ್ಕ ಸೊಂಟದ ಮೇಲೆ ಕೈ ಇಟ್ಟಳು. "ಬಕೆಟ್ ವಿಷಯ ಆಮೇಲೆ. ವಾರಕ್ಕೆ ಎಷ್ಟು ಬಾಟಲಿ ಬೇಕು, ಅದನ್ನ ಮೊದಲು ಹೇಳಿ."

"ನಲವತ್ತು."

"ಐವತ್ತು ಮಾಡಿ," ಎಂದಳು ಅಕ್ಕ.