ಯಾರ್ಕ್‌ಟೌನ್‌ನಲ್ಲಿ ನಕ್ಕ ಸಿಪಾಯಿಗಳು

ನನ್ನ ಹೆಸರಿಗೇ ಬಂದ ಮೊದಲ ಆರ್ಡರ್ ಅದು. ಅಮೆರಿಕದ ಒಂದು ಶಾಲೆಗೆ ಯಾರ್ಕ್‌ಟೌನ್ ಯುದ್ಧದ ಗೊಂಬೆಗಳು ಬೇಕಂತೆ. ಇಂಗ್ಲಿಷರು ಅಲ್ಲಿ ಸೋತು ಬಂದೂಕು ಕೆಳಗಿಟ್ಟ ಮೇಲೆಯೇ ಅಮೆರಿಕದ ಸ್ವಾತಂತ್ರ್ಯ ಗಟ್ಟಿಯಾದದ್ದು ಎಂದು ಆರ್ಡರ್ ತಂದ ಶಾಲಿನಿ ಮೇಡಂ ಹೇಳಿದ್ದರು. ನೀಲಿ ಕೋಟಿನವರು ಗೆದ್ದವರು, ಕೆಂಪು ಕೋಟಿನವರು ಸೋತವರು. ಇದು ಪಾಸಾದರೆ ವರ್ಷಪೂರ್ತಿ ಕೆಲಸ. ಆಗದಿದ್ದರೆ, "ಈ ಸಾಬಿರಾಗೆ ಯಾಕೆ ಬೇಕಿತ್ತು ಸ್ವಂತ ಲೇತು?" ಎಂದು ಚನ್ನಪಟ್ಟಣವೆಲ್ಲ ಆಡಿಕೊಳ್ಳುವುದು ಗ್ಯಾರಂಟಿ.

ಲೇತಿನ ಮೇಲೆ ಹಾಲೆಮರ ಕಡೆದು ಅರಗಿನ ಬಣ್ಣ ಹತ್ತಿಸಿದ್ದು ನಾನು. ಕಣ್ಣು, ಬಾಯಿ ಬರೆಯುವುದು ನಮ್ಮಪ್ಪ ಹುಸೇನ್ ಸಾಬರ, ಅಂದರೆ ಅಬ್ಬಾನ ಕೆಲಸ. ಅಲ್ಲೇ ನಾನು ಕೆಟ್ಟೆ. ನಲವತ್ತು ವರ್ಷದಿಂದ ಮಕ್ಕಳ ಗೊಂಬೆಗೆ ನಗು ಬರೆದ ಕೈ ಅದು. ಮೇಡಂ ಬರುವ ದಿನ ಬೆಳಿಗ್ಗೆ ನೋಡಿದರೆ, ಸೋತವರು ಸಾಲಿಗೆ ಸಾಲೇ ಮದುವೆಮನೆಗೆ ಬಂದವರ ಹಾಗೆ ನಗುತ್ತಿದ್ದಾರೆ! ನನಗೆ ಪಿತ್ತ ನೆತ್ತಿಗೇರಿತು.

"ಸೋತೋರು ನಗ್ತಾರಾ ಅಬ್ಬಾ? ಒಸಿ ಅಳುಮುಖ ಬರೆಯೋಕಾಗ್ಲಿಲ್ವಾ?"

"ಬರೆದೆ ಕಣಮ್ಮಾ. ಕುಂಚ ಕೆಳಕ್ಕೆಳೆದ್ರೂ ತುದಿ ಮೇಲಕ್ಕೇ ಓಯ್ತದೆ. ನಾನೇನ್ ಮಾಡ್ಲಿ?"

ಅಳಿಸಿ ಬರೆಯೋಣವೆಂದರೆ ಮೇಡಂ ಬಂದೇಬಿಟ್ಟರು. ಒಂದು ಕೆಂಪು ಸಿಪಾಯಿಯನ್ನು ಎತ್ತಿಕೊಂಡು ಹುಬ್ಬು ಗಂಟಿಕ್ಕಿದರು.

"ಇವ್ರು ಸೋತೋರಲ್ವಾ? ಯಾಕೆ ನಗ್ತಿದ್ದಾರೆ?"

ನಾನು, ಒಂದು ವಾರ ಕೊಡಿ, ಸರಿಮಾಡುತ್ತೇನೆ ಎನ್ನುವಷ್ಟರಲ್ಲಿ ಅಬ್ಬಾ ನಡುವೆ ಬಾಯಿ ಹಾಕಿದರು.

"ಯುದ್ಧ ಮುಗೀತಲ್ಲ ಮೇಡಂ. ಸೋತ್ರೂ ಜೀವ ಉಳ್ಕೊಂತು. ನಾನಾಗಿದ್ರೆ ಗೆದ್ದೋರ್ಗಿಂತ ಜೋರಾಗೇ ನಗ್ತಿದ್ದೆ."

ಮೇಡಂ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ತಾವೂ ನಕ್ಕುಬಿಟ್ಟರು. "ಪ್ಯಾಕ್ ಮಾಡಿ ಸಾಬಿರಾ. ಈ ಮಾತನ್ನೂ ಶಾಲೆಗೆ ಬರೆದು ಕಳಿಸ್ತೀನಿ" ಎಂದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಸಿಪಾಯಿಗಳನ್ನೆಲ್ಲ ಪೆಟ್ಟಿಗೆಯಲ್ಲಿ ಜೋಡಿಸಿದೆ. ಸೋತ ಸೈನ್ಯದ ಜನರಲ್ ಕಾರ್ನ್‌ವಾಲಿಸ್‌ನನ್ನು ಅಬ್ಬಾ ಬೇರೆಯಾಗಿ ಕಾಗದ ಸುತ್ತಿಟ್ಟಿದ್ದರು. ಬಿಚ್ಚಿ ನೋಡಿದರೆ ಟೋಪಿ ಇದೆ, ಕಣ್ಣಿದೆ, ಬಾಯಿಯೇ ಇಲ್ಲ.

"ಅಬ್ಬಾ, ಇವನಿಗೆ ನಗು ಬರೆಯೋದು ಮರೆತ್ರಾ?"

"ಮರೀಲಿಲ್ಲ" ಎಂದರು ಅಬ್ಬಾ, ಕುಂಚ ತೊಳೆಯುತ್ತಾ. "ಅಲ್ಲಿ ಸೋತು ಹತ್ತು ವರ್ಷಕ್ಕೆ, ಮಾಗಡಿ ಹತ್ರ ನಮ್ಮ ಸಾವನದುರ್ಗದ ಕೋಟೆ ಮೇಲೆ ಯುದ್ಧಕ್ಕೆ ಫಿರಂಗಿ ತಂದೋನು ಇವನೇ ಕಣಮ್ಮಾ. ಯುದ್ಧ ಮುಗೀತು ಅನ್ನೋ ಖುಷಿ ಇವನಿಗೆಲ್ಲಿತ್ತು?"